ಕನ್ನಡದ ಮೇಲೆ ಸ್ಪ್ಯಾನಿಷ್‌ಗೆ

(ದಾವಣಗೆರೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಸ್ಪ್ಯಾನಿಷ್ ಕಲಿಯುತ್ತಿರುವ ಹುಡುಗ ಹುಡುಗಿಯರು, ಅವರ ಮನೆಯವರು ಮತ್ತು ಕೆಲವು ಕನ್ನಡ ಮೇಷ್ಟರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸ್ಪ್ಯಾನಿಷ್ ಮಾತುಗಳನ್ನು ಕಿವಿಗೆ ಬೀಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಒಂದು ರಾಗ ಇನ್ನೂ ನೆನಪಿರುತ್ತದೆ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಅರ್ಥ ಆಗುವ ಮೊದಲೇ ಬಾಯಿಗೆ ಬಂದುಬಿಟ್ಟ ಪಾಠ ಅದು. ಸ್ಪೇನ್ ದೇಶದ ಮಕ್ಕಳಿಗೂ ಇಂಥದೇ ಒಂದು ರಾಗ ಉಂಟು. 'ಆ, ಆಂತೆ, ಬಾಹೊ, ಕಾಬೆ, ಕೊನ್, ಕೊಂತ್ರಾ, ದೆ, ದೆಸ್ದೆ...' ಅಂತ ಅಕಾರಾದಿಯಾಗಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಅವು ಸ್ಪ್ಯಾನಿಷಿನ ಪ್ರಿಪೊಸಿಷನ್‌ಗಳು. ಅಲ್ಲಿನ ರಾಯಲ್ ಅಕಾಡೆಮಿ 2009ರಲ್ಲಿ ಹೊರತಂದ ದೊಡ್ಡ ವ್ಯಾಕರಣದಲ್ಲಿ ಈ ಪಟ್ಟಿಯಲ್ಲಿ 23 ಪದಗಳಿವೆ. ಅವುಗಳಲ್ಲಿ 'ಕಾಬೆ', 'ಸೊ' ಎನ್ನುವ ಎರಡು ಈಗ ಬಳಕೆಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಆದರೂ ಮಕ್ಕಳು ಪಟ್ಟಿಯಲ್ಲಿ ಹೇಳುತ್ತಾರೆ, ನಾವು 'ದೆಸೆಯಿಂದ' ಹೇಳಿದ ಹಾಗೆ.

ಎರಡು ರಾಗಗಳೂ ಒಂದೇ ಕೆಲಸದ ರಾಗಗಳು. ವಾಕ್ಯದಲ್ಲಿ ಯಾರು, ಯಾರನ್ನು, ಯಾರಿಗೆ, ಎಲ್ಲಿಂದ ಎನ್ನುವುದನ್ನು ತಿಳಿಸುವ ಕೆಲಸ. ನಾವು ಅದನ್ನು ಪದದ ಬಾಲಕ್ಕೆ ಕಟ್ಟುತ್ತೇವೆ, ಅವರು ಪದದ ಮುಂದಕ್ಕೆ ತಂದು ಇಡುತ್ತಾರೆ. ಮನೆ-ಯಿಂದ, 'ದೆ ಕಾಸಾ'. ಮನೆ-ಯಲ್ಲಿ, 'ಎನ್ ಕಾಸಾ'. ಇದು ನನ್ನ ಕಲ್ಪನೆಯಲ್ಲ. 1492ರಲ್ಲಿ ನೆಬ್ರಿಹಾ ಎಂಬ ವಿದ್ವಾಂಸ ಸ್ಪ್ಯಾನಿಷಿಗೆ ವ್ಯಾಕರಣ ಬರೆದಾಗಲೇ, ಈ ಭಾಷೆಯಲ್ಲಿ ನಾಮಪದಕ್ಕೆ ವಿಭಕ್ತಿಯ ರೂಪಗಳಿಲ್ಲ, ವಿಭಕ್ತಿಯ ಅರ್ಥವನ್ನು ಪ್ರಿಪೊಸಿಷನ್ ತೋರಿಸುತ್ತದೆ ಎಂದು ಹೇಳಿದ್ದಾನೆ. ಸ್ಪ್ಯಾನಿಷಿನ ತಾಯಿ ಲ್ಯಾಟಿನ್. ಅದರಲ್ಲಿ ನಮ್ಮ ಹಾಗೇ ಪದದ ಕೊನೆಯಲ್ಲಿ ವಿಭಕ್ತಿ ಇತ್ತು. ಆ ಬಾಲಗಳು ಸವೆದುಹೋದವು, ಅವುಗಳ ಕೆಲಸವನ್ನು ಮುಂದೆ ನಿಂತಿದ್ದ ಪುಟ್ಟ ಪದಗಳು ವಹಿಸಿಕೊಂಡವು. ನಮ್ಮಲ್ಲಿ ಕೇಶಿರಾಜ 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ'ದಲ್ಲಿ ಕಂಡ ಏಳು ವಿಭಕ್ತಿಗಳು ಸ್ವಲ್ಪ ರೂಪ ಬದಲಿಸಿಕೊಂಡು ಇವತ್ತೂ ನಮ್ಮ ಬಾಯಲ್ಲಿ ಓಡಾಡುತ್ತಿವೆ.

ನಾನು ಸ್ಪ್ಯಾನಿಷ್ ಕಲಿತದ್ದು ಬೆಂಗಳೂರಿನಲ್ಲಿ, ಕೆಲಸದ ಸಲುವಾಗಿ, ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಇಟ್ಟುಕೊಂಡು. ಪ್ರತಿ ಪ್ರಿಪೊಸಿಷನ್‌ಗೂ ಮೊದಲು ಇಂಗ್ಲಿಷಿನ ಸಮ, ಆಮೇಲೆ ಉದ್ದನೆಯ 'ಆದರೆ'ಗಳು. ಎರಡು ವರ್ಷ ಕಷ್ಟಪಟ್ಟೆ. ಒಂದು ದಿನ ನನ್ನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಸುಮ್ಮನೆ ಕನ್ನಡದ ಅರ್ಥ ಬರೆಯುತ್ತಾ ಹೋದೆ. ಪುಸ್ತಕ ಯಾವುದನ್ನು 'ವಿಚಿತ್ರ ನಿಯಮ' ಎಂದಿತ್ತೋ ಅದರಲ್ಲಿ ಬಹುಪಾಲು ನಮ್ಮ ಮನೆಯ ಮಾತೇ ಆಗಿತ್ತು. ಆ ದಿನದ ಸಂತೋಷ ಹಂಚಿಕೊಳ್ಳಲೆಂದೇ ಇಲ್ಲಿ ನಿಂತಿದ್ದೇನೆ.

ಮೊದಲು ಅತ್ಯಂತ ಚಿಕ್ಕ ಪದ, 'ಆ'. ನಮ್ಮ 'ಆ ಮನೆ, ಈ ಮನೆ'ಯ 'ಆ' ಅಲ್ಲ. ಇದನ್ನು ನಮ್ಮ 'ಗೆ' ಅಂದುಕೊಳ್ಳಿ. ಬೆಂಗಳೂರಿಗೆ ಹೋಗುತ್ತೇನೆ, 'ಬೊಯ್ ಆ ಬೆಂಗಳೂರು'. ಇದು ಸುಲಭ. ಐದು ಗಂಟೆಗೆ ಬರುತ್ತೇನೆ ಅನ್ನುವುದಕ್ಕೂ 'ಆ' ಬೇಕು, 'ಆ ಲಾಸ್ ಸಿಂಕೊ'. ವಾರಕ್ಕೆ ಎರಡು ಸಲ, 'ದೋಸ್ ಬೇಸೆಸ್ ಆ ಲಾ ಸೆಮಾನಾ'. ಇಂಗ್ಲಿಷಿನಲ್ಲಿ ಹೋಗುವುದಕ್ಕೆ ಒಂದು ಪದ, ಗಂಟೆಗೆ ಇನ್ನೊಂದು, ವಾರಕ್ಕೆ ಮತ್ತೊಂದು. ನಮಗೂ ಸ್ಪ್ಯಾನಿಷಿಗೂ ಮೂರಕ್ಕೂ ಒಂದೇ. ಇನ್ನು ಸೋಮವಾರ ಬರುತ್ತೇನೆ ಅನ್ನುವಾಗ ನಾವು ಏನನ್ನೂ ಅಂಟಿಸುವುದಿಲ್ಲ. ಅವರೂ ಪ್ರಿಪೊಸಿಷನ್ ಹಾಕುವುದಿಲ್ಲ, ಬರೀ 'ಎಲ್ ಲೂನೆಸ್'. ಇಂಗ್ಲಿಷಿನಿಂದ ಬಂದವರು ಅಲ್ಲೊಂದು ಬೇಡದ ಪದ ತಂದಿಟ್ಟು ತಪ್ಪು ಮಾಡುತ್ತಾರೆ.

ಕ್ರಿಯಾಪದದ ಜೊತೆಯಲ್ಲೂ ಇದೇ. ತಿನ್ನೋಕೆ ಶುರು ಮಾಡಿದ ಅನ್ನುತ್ತೇವೆ, ನಮ್ಮ ಕಡೆ 'ತಿನ್ನಾಕೆ'. ಅದು 'ತಿನ್ನುವುದಕ್ಕೆ' ಸವೆದು ಆದದ್ದು, ಒಳಗೆ 'ಕ್ಕೆ' ಕೂತಿದೆ. ಸ್ಪ್ಯಾನಿಷಿನಲ್ಲಿ 'ಎಂಪೆಸೊ ಆ ಕೊಮೆರ್'. ಈಜೋಕೆ ಕಲಿತ, 'ಅಪ್ರೆಂದ್ಯೊ ಆ ನದಾರ್'. ಹುಡುಗರು ಇಂಥ ಕ್ರಿಯಾಪದಗಳ ಉದ್ದ ಪಟ್ಟಿ ಮಾಡಿಕೊಂಡು ಉರು ಹೊಡೆಯುವುದನ್ನು ನೋಡಿದ್ದೇನೆ. ಶುರು ಮಾಡು, ಕಲಿ, ಕಲಿಸು, ಸಹಾಯ ಮಾಡು: ಇವೆಲ್ಲಕ್ಕೂ ಕನ್ನಡದಲ್ಲಿ 'ಓಕೆ' ಬರುತ್ತದೆ, ಅಲ್ಲಿ 'ಆ' ಬರುತ್ತದೆ. ಅಷ್ಟರಮಟ್ಟಿಗೆ ಪಟ್ಟಿ ಬೇಡ. ಬಿಡು, ಮರೆ ಎನ್ನುವಂಥವು ಬೇರೆ. ಬೀಡಿ ಸೇದೋದನ್ನ ಬಿಟ್ಟ ಅನ್ನುವಲ್ಲಿ ಅವರು 'ದೆ' ಹಾಕುತ್ತಾರೆ, 'ದೆಹೊ ದೆ ಫುಮಾರ್'. ಅವನ್ನು ಕಲಿಯಲೇಬೇಕು.

ಈಗ ನನಗೆ ಬಹಳ ಪ್ರೀತಿಯ ಜಾಗಕ್ಕೆ ಬರುತ್ತೇನೆ. ಸ್ಪ್ಯಾನಿಷಿನಲ್ಲಿ 'ಮನೆ ನೋಡುತ್ತೇನೆ' ಅನ್ನುವುದಕ್ಕೆ 'ಬೇಓ ಲಾ ಕಾಸಾ'. 'ಮರಿಯಾಳನ್ನು ನೋಡುತ್ತೇನೆ' ಅನ್ನುವುದಕ್ಕೆ 'ಬೇಓ ಆ ಮರಿಯಾ'. ಮನೆಗೆ ಏನೂ ಇಲ್ಲ, ಮನುಷ್ಯರಿಗೆ ಒಂದು 'ಆ'. ಇಂಗ್ಲಿಷ್ ಪುಸ್ತಕಗಳು ಇದಕ್ಕೊಂದು ವಿಶೇಷ ಹೆಸರಿಟ್ಟು, ಇದು ಅನುವಾದಕ್ಕೆ ಸಿಗದ 'ಆ' ಎಂದು ಎಚ್ಚರಿಸುತ್ತವೆ. ಇಂಗ್ಲಿಷಿಗೆ ಸಿಗದಿರಬಹುದು, ನಮಗೆ ಸಿಗುತ್ತದೆ. 'ಮನೆ ನೋಡಿದೆ' ಸರಿ, 'ಪುಸ್ತಕ ತಂದೆ' ಸರಿ. 'ರಾಮ ನೋಡಿದೆ' ಎಂದು ಯಾರಾದರೂ ಅಂದರೆ ನೋಡಿದವನು ರಾಮನೋ ನಾನೋ ತಿಳಿಯುವುದಿಲ್ಲ. 'ರಾಮನ್ನ ನೋಡಿದೆ' ಅನ್ನಲೇಬೇಕು. ವಸ್ತುವಿಗೆ 'ಅನ್ನು' ಬಿಟ್ಟರೂ ನಡೆಯುತ್ತದೆ, ಮನುಷ್ಯರಿಗೆ ಬಿಟ್ಟರೆ ನಡೆಯುವುದಿಲ್ಲ. ಇದೇ ನಿಯಮ! ಸಾವಿರಾರು ಮೈಲಿ ದೂರದ, ನೆಂಟಸ್ತಿಕೆಯೇ ಇಲ್ಲದ ಎರಡು ಭಾಷೆಗಳು ಮನುಷ್ಯನನ್ನು ವಸ್ತುವಿನಿಂದ ಬೇರೆ ಮಾಡಿ ನೋಡಿವೆ.

ಇನ್ನೂ ಸೂಕ್ಷ್ಮ ಇದೆ. ನಮ್ಮಲ್ಲಿ 'ಮಗನಿಗೆ ಹುಡುಗಿ ಹುಡುಕುತ್ತಿದ್ದಾರೆ' ಅಂದರೆ ಮದುವೆ ಮಾತು. ಯಾವ ಹುಡುಗಿ ಅಂತ ಇನ್ನೂ ಗೊತ್ತಿಲ್ಲ. 'ಹುಡುಗಿಯನ್ನ ಹುಡುಕುತ್ತಿದ್ದಾರೆ' ಅಂದರೆ ಎದೆ ಧಸಕ್ಕೆನ್ನುತ್ತದೆ. ಯಾರದೋ ಮಗಳು ಕಾಣೆಯಾಗಿದ್ದಾಳೆ. ಒಂದು 'ಅನ್ನ' ಇದ್ದರೆ ಗೊತ್ತಿರುವ ಒಬ್ಬಳು, ಇಲ್ಲದಿದ್ದರೆ ಯಾರಾದರೂ ಒಬ್ಬಳು. ಸ್ಪ್ಯಾನಿಷಿನಲ್ಲಿ 'ಬುಸ್ಕೊ ಉನ್ ಮೆದಿಕೊ' ಅಂದರೆ ಯಾರಾದರೊಬ್ಬ ಡಾಕ್ಟರು ಬೇಕಾಗಿದ್ದಾರೆ. 'ಬುಸ್ಕೊ ಆ ಉನ್ ಮೆದಿಕೊ' ಅಂದರೆ ಒಬ್ಬ ಇಂಥ ಡಾಕ್ಟರನ್ನು ಹುಡುಕುತ್ತಿದ್ದೇನೆ. ಕುರಿ ಮಾರಿದ ಅನ್ನುವಾಗ ಚಳ್ಳಕೆರೆಯ ಕುರಿಗಾಹಿ 'ಅನ್ನು' ಹಚ್ಚುವುದಿಲ್ಲ, ಸ್ಪೇನಿನ ಕುರಿಗಾಹಿ 'ಆ' ಹಚ್ಚುವುದಿಲ್ಲ.

ಅದು ಸರಿ, 'ಅನ್ನು'ಗೂ 'ಗೆ'ಗೂ ಒಂದೇ 'ಆ' ಹೇಗೆ ಅಂತ ಮುಂದಿನ ಸಾಲಿನ ತಂಗಿಯೊಬ್ಬಳು ಅಲ್ಲೇ ಕೇಳಿದಳು. ಒಳ್ಳೆಯ ಪ್ರಶ್ನೆ. ನಾನು ಕೇಳಿದೆ, ಮೇಷ್ಟ್ರು ನಿನ್ನನ್ನು ಬೈದರೋ, ನಿನಗೆ ಬೈದರೋ? 'ನನಗೆ ಬೈದರು' ಅಂದಳು. ಹೊಡೆದದ್ದೂ 'ನನಗೆ'. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ 'ಅವನಿಗೆ ಕರಿ' ಅಂತಲೂ ಅನ್ನುತ್ತಾರೆ, ಪಂಡಿತರು ಅದನ್ನು ತಿದ್ದುತ್ತಾರೆ. ಎದುರಿಗಿರುವುದು ಮನುಷ್ಯ ಅಂದಾಗ 'ಅನ್ನು' ಇರಬೇಕಾದ ಕಡೆ 'ಗೆ' ನುಸುಳುವುದು ನಾಲಿಗೆಗೆ ಸಹಜ. ಸ್ಪ್ಯಾನಿಷಿನಲ್ಲಿ ನುಸುಳಿದ್ದು ನಿಯಮವೇ ಆಗಿ ನಿಂತಿತು.

'ನನಗೆ ಕಾಫಿ ಇಷ್ಟ' ಅನ್ನುವುದು 'ಮೆ ಗುಸ್ತಾ ಎಲ್ ಕಫೆ'. 'ನನಗೆ ತಲೆ ನೋಯ್ತಿದೆ' ಅನ್ನುವುದು 'ಮೆ ದುಎಲೆ ಲಾ ಕಾಬೆಸಾ'. ಎರಡರಲ್ಲೂ ನಾನು ಕರ್ತೃವಲ್ಲ, ನನಗೆ ಆಗುತ್ತಿದೆ ಅಷ್ಟೆ. ಇದನ್ನು ನಿಮಗೆ ವಿವರಿಸಬೇಕಾಗಿಯೇ ಇಲ್ಲ. ಒಂದು ಎಚ್ಚರಿಕೆ ಮಾತ್ರ: ಹಸಿವು, ಬಾಯಾರಿಕೆ, ನಿದ್ದೆ ನಮಗೆ 'ನನಗೆ' ಆಗುತ್ತವೆ, ಅವರು ಅವನ್ನು 'ಹೊಂದಿರುತ್ತಾರೆ'. 'ತೆಂಗೊ ಆಂಬ್ರೆ', ನನ್ನ ಬಳಿ ಹಸಿವಿದೆ ಎಂಬಂತೆ.

'ಎನ್' ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ನಮ್ಮ 'ಅಲ್ಲಿ'. ಮನೆಯಲ್ಲಿ, ಬಸ್ಸಿನಲ್ಲಿ, ಜನವರಿಯಲ್ಲಿ, ದಾವಣಗೆರೆಯಲ್ಲಿ, ಎಲ್ಲಕ್ಕೂ 'ಎನ್'. ಟೇಬಲ್ಲಿನ ಮೇಲೆ ಅನ್ನುವುದಕ್ಕೂ ಅವರು ಸಾಮಾನ್ಯವಾಗಿ 'ಎನ್' ಅನ್ನುತ್ತಾರೆ.

'ದೆ' ನಮ್ಮ ಷಷ್ಠಿ. ಇಲ್ಲಿ ಎರಡು ಭಾಷೆಗಳು ಕನ್ನಡಿಯ ಎದುರು ನಿಂತ ಹಾಗೆ. 'ನಮ್ಮಪ್ಪನ ಅಣ್ಣನ ಮನೆಯ ಬಾಗಿಲಿನ ಚಾವಿ'. ಈಗ ಕೊನೆಯಿಂದ ಹಿಂದಕ್ಕೆ ಬನ್ನಿ: 'ಲಾ ಯಾವೆ ದೆ ಲಾ ಪುಎರ್ತಾ ದೆ ಲಾ ಕಾಸಾ ದೆಲ್ ಎರ್ಮಾನೊ ದೆ ಮಿ ಪಾದ್ರೆ'. ಚಾವಿ, ಬಾಗಿಲು, ಮನೆ, ಅಣ್ಣ, ಅಪ್ಪ. ಒಂದು ಮಣಿಯೂ ತಪ್ಪದೆ ಅದೇ ಸರ, ತಿರುಗಿಸಿ ಹಿಡಿದದ್ದು. ಹೊಸಬರಿಗೆ ನಾನು ಕೊಡುವ ಅಭ್ಯಾಸ ಇದೊಂದೇ: ಕನ್ನಡ ವಾಕ್ಯವನ್ನು ಬಾಲದಿಂದ ಓದಿ. (ನಮ್ಮ 'ಚಾವಿ' ಪೋರ್ಚುಗೀಸರಿಂದ ಬಂದದ್ದು, ಸ್ಪ್ಯಾನಿಷಿನ 'ಯಾವೆ' ಅದರ ಒಡಹುಟ್ಟು, ಎರಡಕ್ಕೂ ಲ್ಯಾಟಿನ್ನೇ ತಾಯಿ.) ನಮ್ಮ ಜಿಲ್ಲೆಯ ಹೊಲಗಳಲ್ಲಿ ತುಂಬಿರುವ ಮೆಕ್ಕೆಜೋಳ ಮೂಲದಲ್ಲಿ ಮೆಕ್ಸಿಕೊದ್ದು. ಅಲ್ಲಿ ಅದರ ರೊಟ್ಟಿಗೆ 'ತೊರ್ತಿಯಾ ದೆ ಮಯೀಸ್' ಅನ್ನುತ್ತಾರೆ. ಮೆಕ್ಕೆಜೋಳದ ರೊಟ್ಟಿ. 'ದ' ಇದ್ದ ಕಡೆ 'ದೆ'.

ಇಷ್ಟು ಹೊತ್ತು ಹೊಂದಿಕೊಂಡದ್ದನ್ನು ಹೇಳಿದೆ. ಈಗ ಹೊಂದದೇ ಇರುವುದು. ನಮ್ಮನ್ನು ನಿಜವಾಗಿ ಕಾಡುವುದು ಎರಡು: ಒಂದು ನಮ್ಮ 'ಇಂದ', ಇನ್ನೊಂದು ಅವರ 'ಪೊರ್' ಮತ್ತು 'ಪಾರಾ'.

'ಇಂದ'ಕ್ಕೆ ಚಿತ್ರದುರ್ಗದ ಕೋಟೆಗೆ ಹೋಗೋಣ. ಓಬವ್ವನ ಕಥೆ ನಿಮಗೆಲ್ಲ ಗೊತ್ತು. ಗಂಡ ಊಟಕ್ಕೆ ಬಂದಿದ್ದಾನೆ, ಅವಳು ಮನೆಯಿಂದ ನೀರಿಗೆ ಹೊರಟಿದ್ದಾಳೆ, ಹೈದರಾಲಿಯ ಸೈನಿಕರು ಕಿಂಡಿಯಿಂದ ನುಗ್ಗುತ್ತಿದ್ದಾರೆ, ಅವಳು ಒನಕೆಯಿಂದ ಹೊಡೆಯುತ್ತಾಳೆ, ಕೊನೆಗೆ ಸೈನಿಕನೊಬ್ಬನಿಂದ ಹತಳಾಗುತ್ತಾಳೆ, ಬತೇರಿಯಿಂದ ಕಹಳೆ ಕೇಳಿಸುತ್ತದೆ. ಐದು 'ಇಂದ'. ಸ್ಪ್ಯಾನಿಷಿನಲ್ಲಿ ಹೇಳಬೇಕಾದರೆ ಒಂದೊಂದಕ್ಕೂ ನಿಂತು ಯೋಚಿಸಬೇಕು. ಮನೆಯಿಂದ ಹೊರಟಳು, ಬಿಟ್ಟುಬಂದ ಜಾಗ, 'ದೆ ಲಾ ಕಾಸಾ'. ಕಿಂಡಿಯಿಂದ ನುಗ್ಗಿದರು, ಹಾದುಬಂದ ದಾರಿ, 'ಪೊರ್ ಲಾ ಕಿಂಡಿ'. ಒನಕೆಯಿಂದ ಹೊಡೆದಳು, ಕೈಯಲ್ಲಿರುವ ಸಾಧನ, 'ಕೊನ್ ಲಾ ಒನಕೆ'. ಸೈನಿಕನಿಂದ ಹತಳಾದಳು, ಮಾಡಿದವನು, 'ಪೊರ್ ಉನ್ ಸೊಲ್ದಾದೊ'. ಬತೇರಿಯಿಂದ ಕೇಳಿಸಿತು, ಅಲ್ಲಿ ಹುಟ್ಟಿ ಇಲ್ಲಿಯವರೆಗೆ ಹಬ್ಬಿತು, 'ದೆಸ್ದೆ ಲಾ ಬತೇರಿ'. ಕೋಟೆ ನೋಡಲು ಹೋದಾಗ ಆ ಕಿಂಡಿಯ ಮುಂದೆ ನಿಂತು ಈ ಐದನ್ನೂ ಒಂದು ಸಲ ಹೇಳಿಕೊಳ್ಳಿ. ಮತ್ತೆ ಮರೆಯುವುದಿಲ್ಲ.

'ದೆಸ್ದೆ' ಕಾಲಕ್ಕೂ ಬರುತ್ತದೆ. 1997ರಿಂದ ದಾವಣಗೆರೆ ಜಿಲ್ಲೆ, ಅದಕ್ಕೆ ಮುಂಚೆ ನಾವು ಚಿತ್ರದುರ್ಗ ಜಿಲ್ಲೆಯವರು. ಆ '1997ರಿಂದ' ಅನ್ನುವುದು 'ದೆಸ್ದೆ 1997'. 'ವರೆಗೆ' ಅನ್ನುವುದಕ್ಕೆ 'ಆಸ್ತಾ'. ಅದು ಅರಬ್ಬಿಯ 'ಹತ್ತಾ'ದಿಂದ ಬಂದ ಪದ. ಸ್ಪೇನಿಗೆ 711ರಲ್ಲಿ ಬಂದ ಅರಬ್ಬರ ಆಳ್ವಿಕೆ 1492ರವರೆಗೆ ಒಂದಲ್ಲ ಒಂದು ಭಾಗದಲ್ಲಿ ಇದ್ದೇ ಇತ್ತು. ಒಂದು ಭಾಷೆ ಬೇರೆ ಭಾಷೆಯಿಂದ ತರಕಾರಿಯ ಹೆಸರು ತರುವುದು ದೊಡ್ಡದಲ್ಲ. ವಿಭಕ್ತಿಯಂಥ ಪದವನ್ನೇ ತಂದುಕೊಳ್ಳಬೇಕಾದರೆ ಜನ ಎಷ್ಟು ಬೆರೆತು ಬಾಳಿರಬೇಕು ನೋಡಿ.

ಈಗ 'ಪೊರ್' ಮತ್ತು 'ಪಾರಾ'. ಎರಡಕ್ಕೂ ನಾವು 'ಕ್ಕೆ' ಅಂದುಬಿಡುತ್ತೇವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಗ್ರಾಹಕರಿಗೆ 'ನಿಮ್ಮ ಸಹಾಯಕ್ಕೆ ಧನ್ಯವಾದ' ಎಂದು ಬರೆಯಬೇಕಿತ್ತು. 'ಕ್ಕೆ' ಇದೆಯಲ್ಲ ಅಂತ 'ಪಾರಾ' ಹಾಕಿದೆ, 'ಗ್ರಾಸ್ಯಾಸ್ ಪಾರಾ...' ಅಂತ. ತಪ್ಪು. 'ಗ್ರಾಸ್ಯಾಸ್ ಪೊರ್ ಲಾ ಅಯುದಾ' ಆಗಬೇಕು. ಯಾಕೆ ಅಂತ ಪುಸ್ತಕ ಹೇಳಿದ ಕಾರಣಗಳು ತಲೆಯಲ್ಲಿ ನಿಲ್ಲಲಿಲ್ಲ. ನಿಂತದ್ದು ನಮ್ಮ ಭಾಷೆಯೇ ಕೊಟ್ಟ ಒಂದು ಪರೀಕ್ಷೆ. ಇವತ್ತಿನ ಮಾತಿನಲ್ಲಿ ಇದೊಂದನ್ನು ನೀವು ಮನೆಗೆ ತೆಗೆದುಕೊಂಡು ಹೋದರೂ ನನಗೆ ಸಾಕು.

'ಕ್ಕೆ' ಬಂದ ಕಡೆ ಅದನ್ನು ಬಿಡಿಸಿ ನೋಡಿ. 'ಮಾಡಿದ್ದಕ್ಕೆ' ಆಗುತ್ತದೋ, 'ಮಾಡೋದಕ್ಕೆ' ಆಗುತ್ತದೋ? ಸಹಾಯಕ್ಕೆ ಧನ್ಯವಾದ ಅಂದರೆ ಸಹಾಯ ಮಾಡಿದ್ದಕ್ಕೆ ಧನ್ಯವಾದ. ಆಗಿಹೋದದ್ದು, ಬೆನ್ನ ಹಿಂದೆ ಇರುವ ಕಾರಣ. ಅಲ್ಲಿ 'ಪೊರ್'. ಓದಿಗೆ ದಾವಣಗೆರೆಗೆ ಬಂದ ಅಂದರೆ ಓದೋದಕ್ಕೆ ಬಂದ. ಇನ್ನೂ ಆಗಬೇಕಾದ್ದು, ಕಣ್ಣ ಮುಂದೆ ಇರುವ ಗುರಿ. ಅಲ್ಲಿ 'ಪಾರಾ'. ಮಳೆ ಬಂದಿದ್ದಕ್ಕೆ ಜಾತ್ರೆ ನಿಂತಿತು, 'ಪೊರ್'. ಮಳೆ ಬರೋದಕ್ಕೆ ಪೂಜೆ ಮಾಡಿಸಿದರು, 'ಪಾರಾ'. ಬೆಣ್ಣೆ ದೋಸೆಗೆ ಕೊಟ್ಟ ಬೆಲೆಯೂ ಇದೇ ಪರೀಕ್ಷೆಯಲ್ಲಿ ಪಾಸಾಗುತ್ತದೆ: ಇಷ್ಟು ರೂಪಾಯಿ ಕೊಟ್ಟಿದ್ದಕ್ಕೆ ದೋಸೆ ಸಿಕ್ಕಿತು, ಹಾಗಾಗಿ 'ಪೊರ್'. ಟೈಲರ್ 'ಸೋಮವಾರಕ್ಕೆ ಕೊಡ್ತೀನಿ' ಅಂದರೆ ಸೋಮವಾರ ಇನ್ನೂ ಮುಂದಿದೆ, 'ಪಾರಾ ಎಲ್ ಲೂನೆಸ್'.

ನಮ್ಮ 'ಯಾಕೆ' ಅನ್ನುವ ಪ್ರಶ್ನೆಯಲ್ಲೇ ಈ ಎರಡೂ ಸೇರಿಹೋಗಿವೆ. 'ಯಾಕೆ ಬಂದೆ?' ಅಂದರೆ 'ಕರೆದಿದ್ದಕ್ಕೆ' ಅಂತಲೂ ಹೇಳಬಹುದು, 'ನಿನ್ನನ್ನ ನೋಡೋದಕ್ಕೆ' ಅಂತಲೂ ಹೇಳಬಹುದು. ಸ್ಪ್ಯಾನಿಷಿನವರು ಕೇಳುವಾಗಲೇ ಬೇರೆ ಮಾಡುತ್ತಾರೆ: 'ಪೊರ್ ಕೆ' ಅಂದರೆ ಯಾವ ಕಾರಣದಿಂದ, 'ಪಾರಾ ಕೆ' ಅಂದರೆ ಯಾವ ಉದ್ದೇಶಕ್ಕೆ. 'ಪಾರಾ' ಹುಟ್ಟಿದ ಬಗೆಯೂ ಇದನ್ನೇ ಹೇಳುತ್ತದೆ. ಹಳೆಯ ಸ್ಪ್ಯಾನಿಷಿನಲ್ಲಿ ಅದು 'ಪೊರಾ', ಅಂದರೆ 'ಪೊರ್' ಮತ್ತು 'ಆ' ಕೂಡಿದ್ದು. ಒಳಗೆ ಆ ಪುಟ್ಟ 'ಆ', ನಮ್ಮ 'ಗೆ', ಗುರಿ ತೋರಿಸುತ್ತಾ ಕೂತಿದೆ. ನಮ್ಮ 'ಗಾಗಿ'ಯ ಒಳಗೆ 'ಗೆ' ಕೂತಿಲ್ಲವೇ, ಹಾಗೆ.

ಪರೀಕ್ಷೆ ಸೋಲುವ ಜಾಗವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೋಸವಾಗುತ್ತದೆ. ಓಬವ್ವ ನೀರಿಗೆ ಹೋದಳು. ನೀರು ತರೋದಕ್ಕೆ ತಾನೆ? 'ಪಾರಾ' ಬರಬೇಕಿತ್ತು. ಆದರೆ ಏನನ್ನಾದರೂ ತರಲು ಹೋಗುವುದಕ್ಕೆ ಅವರು 'ಪೊರ್ ಆಗುಆ' ಅನ್ನುತ್ತಾರೆ, ಸ್ಪೇನಿನಲ್ಲಿ 'ಆ ಪೊರ್ ಆಗುಆ'. ಹಾಗೇ ದುರ್ಗಕ್ಕಾಗಿ ಹೋರಾಡಿದಳು ಅನ್ನುವಲ್ಲಿ 'ಗಾಗಿ' ನೋಡಿ 'ಪಾರಾ' ಹಾಕಬೇಡಿ. ಯಾರದೋ ಪರವಾಗಿ, ಯಾವುದರದೋ ಪ್ರೀತಿಯಿಂದ ಹೋರಾಡುವುದು, ಸಾಯುವುದು 'ಪೊರ್'.

ಕೊನೆಗೆ ಬಸ್ಸು ಹತ್ತೋಣ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಈ ಬಸ್ಸು ಯಾವ ಕಡೆ ಹೋಗುತ್ತೆ ಅಂತ ಕೇಳಿದರೆ ಕಂಡಕ್ಟರು 'ಚಿತ್ರದುರ್ಗದ ಮೇಲೆ ಬೆಂಗಳೂರಿಗೆ' ಅನ್ನುತ್ತಾರೆ. ಆ 'ಮೇಲೆ'ಯನ್ನು ಹಾಗೇ ತೆಗೆದು 'ಸೊಬ್ರೆ' ಅಂದರೆ ಬಸ್ಸು ಕೋಟೆಯ ಮೇಲೆ ಹಾರಿಹೋದ ಹಾಗಾಗುತ್ತದೆ. ಅದು ಹಾದುಹೋಗುವ ದಾರಿ, ಕಿಂಡಿಯ ಹಾಗೇ: 'ಆ ಬೆಂಗಳೂರು ಪೊರ್ ಚಿತ್ರದುರ್ಗಾ'. ಆದರೆ ಒಂದು ವಿಷಯದ ಮೇಲೆ ಮಾತಾಡಿದರು ಅನ್ನುವಾಗ 'ಸೊಬ್ರೆ' ಸರಿಯೇ.

ಮಾತು ಮುಗಿದ ಮೇಲೆ ಕಾಲೇಜಿನ ಹುಡುಗನೊಬ್ಬ, 'ನನ್ನ ಜೊತೆ' ಅನ್ನುವುದಕ್ಕೆ 'ಕೊನ್ ಮಿ' ಬಿಟ್ಟು 'ಕೊನ್‌ಮಿಗೊ' ಯಾಕೆ ಸರ್ ಅಂತ ಕೇಳಿದ. ಲ್ಯಾಟಿನ್ನಿನಲ್ಲಿ 'ಜೊತೆ' ಅನ್ನುವ 'ಕುಮ್' ಸರ್ವನಾಮದ ಹಿಂದೆ ಬರುತ್ತಿತ್ತು: 'ಮೆಕುಮ್', ನನ್ನ-ಜೊತೆ, ಥೇಟ್ ನಮ್ಮ ಹಾಗೆ. ಅದು ಸವೆದು 'ಮಿಗೊ' ಆಯಿತು, ಒಳಗೆ 'ಜೊತೆ' ಇದೆ ಎನ್ನುವುದೇ ಜನರಿಗೆ ಮರೆತುಹೋಯಿತು, ಮುಂದೆ ಇನ್ನೊಂದು 'ಕೊನ್' ಹಚ್ಚಿದರು. ಹಾಗಾಗಿ 'ಕೊನ್‌ಮಿಗೊ'ದಲ್ಲಿ ಎರಡು ಸಲ 'ಜೊತೆ' ಇದೆ, ಒಂದು ಅವರ ಜಾಗದಲ್ಲಿ, ಒಂದು ನಮ್ಮ ಜಾಗದಲ್ಲಿ.

ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಕನ್ನಡ ಮೇಷ್ಟರು ಎದ್ದು ನಿಂತರು. ನಮ್ಮ 'ದೆಸೆಯಿಂದ'ಕ್ಕೂ ಅವರ 'ದೆಸ್ದೆ'ಗೂ ಏನಾದರೂ ಸಂಬಂಧ ಉಂಟೇನಪ್ಪಾ ಎಂದರು. ಇಲ್ಲ ಸರ್, ನಮ್ಮ 'ದೆಸೆ' ಸಂಸ್ಕೃತದ 'ದಿಶಾ'ದಿಂದ ಬಂತು, ಅವರದು ಲ್ಯಾಟಿನ್ನಿನ 'ದೆ', 'ಎಕ್ಸ್', ಮತ್ತೆ 'ದೆ' ಮೂರೂ ಅಂಟಿಕೊಂಡು ಆದದ್ದು, ಸದ್ದು ಮಾತ್ರ ಹೊಂದಿದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪಂಚಮಿಯನ್ನ ಮಕ್ಕಳಿಗೆ ಹೇಳಿಕೊಡುವಾಗ ಇದನ್ನ ಯಾರಿಂದಲೂ ಕೇಳಿರ್ಲಿಲ್ಲ' ಅಂದು, ಜೇಬಿನಿಂದ ಪೆನ್ನು ತೆಗೆದು, ಕರಪತ್ರದ ಹಿಂದೆ 'ದೆಸ್ದೆ' ಎಂದು ಬರೆದುಕೊಂಡರು.